ಇಂಗ್ಲಿಷ್ ಪ್ರಾಸ ಹುಡುಕಲು ಕನ್ನಡದ ಅಕ್ಷರಮಾಲೆ

ಒಂದನೇ ಕ್ಲಾಸಿನ ಮಕ್ಕಳ ಹೋಮ್‌ವರ್ಕಿನಲ್ಲಿ ‘ರೈಮಿಂಗ್ ವರ್ಡ್ಸ್’ ಅಂತ ಒಂದು ಪುಟ ಇದ್ದೇ ಇರುತ್ತದೆ. ಕ್ಯಾಟ್ ಎದುರಿಗೆ ಬ್ಯಾಟ್, ಹ್ಯಾಟ್, ಮ್ಯಾಟ್ ಬರೆಸುವಷ್ಟರಲ್ಲಿ ಅಪ್ಪ ಅಮ್ಮನಿಗೂ ಹುರುಪು ಬಂದಿರುತ್ತದೆ. ಮುಂದಿನ ಸಾಲಿನಲ್ಲಿ ಬೇರ್, ಅಂದರೆ ಕರಡಿ. ಬಿ-ಇ-ಎ-ಆರ್. ಮಗು ಅದೇ ಇ-ಎ-ಆರ್ ಇಟ್ಟುಕೊಂಡು ಡಿಯರ್, ನಿಯರ್, ಫಿಯರ್ ಅಂತ ಬರೆದುಬಿಡುತ್ತದೆ. ಮೂರೂ ತಪ್ಪು. ಆದರೆ ಮಗುವನ್ನು ಬಯ್ಯುವ ಹಾಗಿಲ್ಲ. ಕ್ಯಾಟ್-ಬ್ಯಾಟ್‌ನಲ್ಲಿ ಸ್ಪೆಲಿಂಗಿನ ಬಾಲ ನೋಡಿ ಬರೆದದ್ದು ಸರಿಯಾಗಿತ್ತು, ಇಲ್ಲಿ ಯಾಕೆ ತಪ್ಪಾಯಿತು ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಬೇರ್‌ಗೆ ಸರಿಯಾಗಿ ಕೂಡುವ ಪದಗಳು ಕೇರ್, ಚೇರ್, ದೇರ್, ವೇರ್, ಸ್ಕ್ವೇರ್. ಬ್ರಿಟಿಷರ ಬಾಯಲ್ಲಾದರೆ ಊರಿನ ಮೇಯರ್ ಕೂಡ ‘ಮೇರ್’ ಆಗಿ ಇದೇ ಗುಂಪಿಗೆ ಬರುತ್ತಾನೆ. ಇವುಗಳ ಕೊನೆಯ ಸ್ಪೆಲಿಂಗ್ ಬಿಡಿಸಿ ನೋಡಿ: ಒಂದು ಕಡೆ ಎ-ಆರ್-ಇ, ಇನ್ನೊಂದು ಕಡೆ ಎ-ಐ-ಆರ್, ಮತ್ತೊಂದು ಕಡೆ ಇ-ಆರ್-ಇ, ಮೇಯರ್‌ನಲ್ಲಿ ಎ-ವೈ-ಓ-ಆರ್. ಸದ್ದು ಒಂದೇ, ಬರವಣಿಗೆ ನಾಲ್ಕು ಥರ. ಟಿ-ಇ-ಎ-ಆರ್ ಅಂತ ಬರೆಯುವ ಪದವಂತೂ ಎರಡು ದೋಣಿಯಲ್ಲೂ ಕಾಲಿಟ್ಟಿದೆ. ಕಣ್ಣೀರಾದರೆ ಟಿಯರ್, ಬಟ್ಟೆ ಹರಿಯುವುದಾದರೆ ಟೇರ್.

ಕನ್ನಡ ಓದಲು ಬರುವವರಿಗೆ ಇಲ್ಲೊಂದು ಅನುಕೂಲ ಇದೆ. ನಮ್ಮ ಲಿಪಿ ಸದ್ದನ್ನು ಬರೆಯುತ್ತದೆ. ಹಾಗಾಗಿ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಬೇರ್, ಚೇರ್, ದೇರ್ ಒಂದು ಕಡೆ, ಡಿಯರ್, ನಿಯರ್, ಫಿಯರ್ ಇನ್ನೊಂದು ಕಡೆ ತಾವಾಗಿಯೇ ಬೇರೆಯಾಗುತ್ತವೆ. ಇನ್ನರ್ಧ ಕೆಲಸಕ್ಕೆ ಮಾತ್ರ ನಮ್ಮ ಲಿಪಿ ಸಾಲುವುದಿಲ್ಲ. ಅದು ಯಾಕೆ ಅಂತಲೂ ನೋಡೋಣ.

ಬಾಲ ಒಂದೇ, ಹಿಂದಿನ ವ್ಯಂಜನ ಬೇರೆ

ಇಂಗ್ಲಿಷಿನಲ್ಲಿ ಎರಡು ಪದ ಪ್ರಾಸ ಆಗಬೇಕಾದರೆ ಹೀಗೆ ನೋಡಬೇಕು. ಪದದಲ್ಲಿ ಕೊನೆಯದಾಗಿ ಜೋರಾಗಿ ಒತ್ತಿ ಹೇಳುವ ಸ್ವರ ಯಾವುದು ಅಂತ ಗುರುತಿಸಿ. ಆ ಸ್ವರದಿಂದ ಹಿಡಿದು ಪದ ಮುಗಿಯುವವರೆಗಿನ ಸದ್ದೆಲ್ಲ ಎರಡರಲ್ಲೂ ಒಂದೇ ಇರಬೇಕು. ಆ ಸ್ವರದ ಹಿಂದಿರುವ ವ್ಯಂಜನ ಮಾತ್ರ ಬೇರೆ ಇರಬೇಕು. ಒತ್ತು ಬಿದ್ದ ಸ್ವರದಿಂದ ಕೊನೆಯವರೆಗಿನ ತುಂಡನ್ನು ಇಲ್ಲಿ ‘ಬಾಲ’ ಅಂತ ಕರೆಯುತ್ತೇನೆ.

ಲೈಟ್ ತೆಗೆದುಕೊಳ್ಳಿ. ಬಾಲ ‘ಐಟ್’. ನೈಟ್, ಕೈಟ್, ವೈಟ್, ಹೈಟ್ ಎಲ್ಲದಕ್ಕೂ ಅದೇ ಬಾಲ. ಹೈಟ್ ಜೊತೆ ನಾವು ಯಾವಾಗಲೂ ವೇಟ್ ಸೇರಿಸಿ ಹೇಳುತ್ತೇವೆ, ಸ್ಪೆಲಿಂಗಿನಲ್ಲಿ ಎರಡಕ್ಕೂ ಕೊನೆಯ ಐದು ಅಕ್ಷರ ಒಂದೇ. ಆದರೂ ಅವು ಪ್ರಾಸ ಅಲ್ಲ. ವೇಟ್‌ಗೆ ಬೇಕಾದದ್ದು ಲೇಟ್, ಗೇಟ್, ಪ್ಲೇಟ್.

ಹಿಂದಿನ ವ್ಯಂಜನ ಬೇರೆ ಇರಬೇಕು ಅಂದದ್ದಕ್ಕೂ ಕಾರಣ ಇದೆ. ಮಳೆಯ ರೇನ್, ರಾಜನ ಆಳ್ವಿಕೆಯ ರೇನ್, ಕುದುರೆ ಲಗಾಮಿನ ರೇನ್ ಮೂರೂ ಬೇರೆ ಬೇರೆ ಪದ, ಸ್ಪೆಲಿಂಗೂ ಬೇರೆ. ಕಿವಿಗೆ ಮಾತ್ರ ಒಂದೇ ಪದವನ್ನು ಮತ್ತೆ ಹೇಳಿದ ಹಾಗೆ ಕೇಳುತ್ತದೆ. ಫ್ರೆಂಚರು ಇದನ್ನು ಶ್ರೀಮಂತ ಪ್ರಾಸ ಅಂತ ಮೆಚ್ಚುತ್ತಾರೆ. 14ನೇ ಶತಮಾನದ ಚಾಸರ್ ಕೂಡ ಇಂಥದ್ದನ್ನು ಖುಷಿಯಿಂದ ಬಳಸಿದ. ಆಮೇಲಿನ ಇಂಗ್ಲಿಷ್ ಕವಿಗಳಿಗೆ ಇದು ಸೋಮಾರಿತನ ಅನಿಸಿತು.

ಕಾಗುಣಿತವನ್ನು ತಿರುಗಿಸಿ ಹಾಕುವುದು

ಸರಿ, ಹುಡುಕುವುದು ಹೇಗೆ? ಶಾಲೆಯಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದು ಎ, ಬಿ, ಸಿ, ಡಿ ಅಂತ ಒಂದೊಂದೇ ಅಕ್ಷರವನ್ನು ಬಾಲಕ್ಕೆ ಮೊದಲು ಇಟ್ಟು ನೋಡುವ ಉಪಾಯ. ಇದರಲ್ಲಿ ಒಂದು ತೂತಿದೆ. ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದು ಸುಮಾರು 44. ಚ, ಶ, ಥ ಸದ್ದುಗಳಿಗೆ ಅಲ್ಲಿ ಒಂಟಿ ಅಕ್ಷರವೇ ಇಲ್ಲ, ಎರಡೆರಡು ಸೇರಿಸಿ ಬರೆಯುತ್ತಾರೆ. ಎಬಿಸಿಡಿ ಹಿಡಿದು ಹೊರಟವರಿಗೆ ಅವೆಲ್ಲ ಕೈ ತಪ್ಪುತ್ತವೆ. ನಮ್ಮ ವರ್ಣಮಾಲೆ ಹಿಡಿದು ಹೊರಟರೆ ತಪ್ಪುವುದಿಲ್ಲ.

ಕಾಗುಣಿತದಲ್ಲಿ ವ್ಯಂಜನ ನಿಂತಿರುತ್ತದೆ, ಸ್ವರ ಬದಲಾಗುತ್ತಾ ಹೋಗುತ್ತದೆ: ಕ, ಕಾ, ಕಿ, ಕೀ. ಪ್ರಾಸಕ್ಕೆ ಇದನ್ನೇ ತಿರುಗಿಸಿ ಹಾಕಬೇಕು. ಸ್ವರ ನಿಲ್ಲಲಿ, ವ್ಯಂಜನ ಬದಲಾಗಲಿ. ಮಳೆಯ ರೇನ್‌ಗೇ ಮಾಡಿ ನೋಡೋಣ. ಬಾಲ ‘ಏನ್’. ಕ ಇಂದ ಶುರು ಮಾಡಿದರೆ ಕೇನ್, ಗೇನ್. ಚ ವರ್ಗದಲ್ಲಿ ಚೇನ್, ಜೇನ್ (ಹುಡುಗಿಯ ಹೆಸರು). ಡ ದಲ್ಲಿ ಡೇನ್, ಅಂದರೆ ಡೆನ್ಮಾರ್ಕಿನವನು. ಪ ವರ್ಗ ಸಮೃದ್ಧ: ಪೇನ್, ಬೇನ್, ಮೇನ್, ನಟಿಸುವ ಅರ್ಥದ ಫೇನ್. ಆಮೇಲೆ ಲೇನ್, ವೇನ್, ಸೇನ್. ಒಂಟಿ ವ್ಯಂಜನ ಮುಗಿದ ಮೇಲೆ ಒತ್ತಕ್ಷರಕ್ಕೆ ಕೈ ಹಾಕಿ. ಇಲ್ಲಿ ಬೆಳೆ ಇನ್ನೂ ಜಾಸ್ತಿ: ಕ್ರೇನ್, ಗ್ರೇನ್, ಟ್ರೇನ್, ಡ್ರೇನ್, ಬ್ರೇನ್, ಪ್ಲೇನ್, ಸ್ಪೇನ್, ಸ್ಟೇನ್, ಸ್ಟ್ರೇನ್, ಸ್ಪ್ರೇನ್. ಕೊನೆಗೆ ಹಿಂದೆ ಇನ್ನೊಂದು ತುಂಡು ಅಂಟಿಕೊಂಡಿರುವ ಪದಗಳು: ರಿಮೇನ್, ಎಕ್ಸ್‌ಪ್ಲೇನ್, ಕಂಪ್ಲೇನ್, ಷಾಂಪೇನ್. ಐದು ನಿಮಿಷದಲ್ಲಿ ಇಪ್ಪತ್ತೈದು ದಾಟುತ್ತದೆ. ಪುಸ್ತಕ ಬೇಡ, ಫೋನೂ ಬೇಡ.

ಹೀಗೆ ಸದ್ದು ಹಿಡಿದು ಹೋದರೆ ಮೋಸದ ಪದಗಳೂ ತಾವಾಗಿ ಹೊರಗುಳಿಯುತ್ತವೆ. ಮೌಂಟನ್, ಕ್ಯಾಪ್ಟನ್, ಬ್ರಿಟನ್ ಮೂರರ ಕೊನೆಗೂ ಟ್ರೇನ್‌ನ ಸ್ಪೆಲಿಂಗೇ ಇದೆ. ಕನ್ನಡದಲ್ಲಿ ಬರೆದ ತಕ್ಷಣ ಅವು ನಮ್ಮ ಗುಂಪಿನವಲ್ಲ ಅಂತ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ಲಾಭವೂ ಇದೆ. ಕನ್ನಡದಲ್ಲಿ ಎ ಬೇರೆ, ಏ ಬೇರೆ. ಹಾಗಾಗಿ ಪೆನ್‌ಗೂ ಪೇನ್‌ಗೂ ಇರುವ ವ್ಯತ್ಯಾಸ ಬರವಣಿಗೆಯಲ್ಲೇ ಕಾಣುತ್ತದೆ. ಹಿಂದಿಯಲ್ಲಿ ಬರೆದುಕೊಳ್ಳುವವರಿಗೆ ಈ ಸೌಕರ್ಯ ಇಲ್ಲ.

ಲಿಪಿ ಕೈಕೊಡುವ ಜಾಗ

ಈಗ ಇನ್ನರ್ಧದ ಮಾತು. ಪೊಲೀಸ್ ಮತ್ತು ಆಫೀಸ್. ಕನ್ನಡದಲ್ಲಿ ಬರೆದರೆ ಎರಡಕ್ಕೂ ‘ಈಸ್’ ಬಾಲ. ಒಳ್ಳೇ ಪ್ರಾಸ ಅನಿಸುತ್ತದೆ. ಇಂಗ್ಲಿಷ್ ಕಿವಿಗೆ ಇದು ಪ್ರಾಸವೇ ಅಲ್ಲ. ಯಾಕೆಂದರೆ ಪೊಲೀಸ್‌ನಲ್ಲಿ ಜೋರು ಬೀಳುವುದು ‘ಲೀ’ ಮೇಲೆ, ಹಾಗಾಗಿ ಅದರ ಜೋಡಿ ಪೀಸ್, ನೀಸ್, ಗ್ರೀಸ್. ಆಫೀಸ್‌ನಲ್ಲಿ ಜೋರು ಬೀಳುವುದು ಮೊದಲ ‘ಆ’ ಮೇಲೆ. ಉಳಿದದ್ದನ್ನು ಅವರು ‘ಫಿಸ್’ ಅಂತ ನುಂಗಿಬಿಡುತ್ತಾರೆ. ಬಾಲ ‘ಆಫಿಸ್’ ಪೂರ್ತಿ, ಅಂದರೆ ಇಡೀ ಪದ. ಅದಕ್ಕೆ ಜೋಡಿ ಹುಡುಕುವುದು ಸುಲಭ ಅಲ್ಲ.

ಈ ಜೋರನ್ನೇ ‘ಒತ್ತು’ ಅನ್ನುವುದು. ನಮ್ಮ ಒತ್ತಕ್ಷರಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಂಗ್ಲಿಷಿನ ಪ್ರತಿಯೊಂದು ಉದ್ದ ಪದದಲ್ಲೂ ಒಂದು ಕಡೆ ದನಿ ಏರಿ, ಉಳಿದ ಕಡೆ ಸಪ್ಪೆಯಾಗುತ್ತದೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚು ಕಡಿಮೆ ಸಮಾನ ಮರ್ಯಾದೆ. ಹಾಗಾಗಿ ನಮ್ಮ ಲಿಪಿಯಲ್ಲಿ ಒತ್ತು ತೋರಿಸುವ ಗುರುತೂ ಇಲ್ಲ, ನಮ್ಮ ಕಿವಿಗೆ ಅದರ ರೂಢಿಯೂ ಕಡಿಮೆ. ನಾವು ಹೋಟೆಲ್ ಅನ್ನುವಾಗ ‘ಹೋ’ ಎಳೆಯುತ್ತೇವೆ, ಹಳ್ಳಿ ಕಡೆ ಅದು ಹೋಟ್ಲೇ ಆಗಿದೆ. ಇಂಗ್ಲಿಷಿನವರು ‘ಟೆಲ್’ ಮೇಲೆ ಭಾರ ಹಾಕುತ್ತಾರೆ. ಅದಕ್ಕೇ ಅವರ ಹಾಡುಗಳಲ್ಲಿ ಹೋಟೆಲ್‌ಗೆ ಬೆಲ್, ವೆಲ್, ಸ್ಮೆಲ್ ಜೋಡಿಯಾಗುತ್ತವೆ.

ಒತ್ತು ಜಾಗ ಬದಲಿಸಿದರೆ ಪ್ರಾಸ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಫೋಟೋ ಸಂಸಾರ. ಫೋಟೋಗ್ರಫಿ ಅನ್ನುವಾಗ ಒತ್ತು ಎರಡನೇ ತುಂಡಿನ ಮೇಲೆ, ‘ಫಟಾಗ್ರಫಿ’ ಅನ್ನುವ ಹಾಗೆ. ಬಾಲ ‘ಆಗ್ರಫಿ’. ಜಿಯಾಗ್ರಫಿ, ಬಯಾಗ್ರಫಿ ಅದರ ಜೋಡಿ. ಫೋಟೋಗ್ರಾಫಿಕ್ ಅಂದ ಕೂಡಲೇ ಒತ್ತು ‘ಗ್ರಾ’ ಮೇಲೆ ಹಾರುತ್ತದೆ, ಬಾಲ ‘ಆಫಿಕ್’, ಜೋಡಿ ಟ್ರಾಫಿಕ್. ಬರೀ ಫೋಟೋಗ್ರಾಫ್ ಆದರೆ ಒತ್ತು ಮೊದಲ ‘ಫೋ’ ಮೇಲೆ. ನಿಯಮದ ಪ್ರಕಾರ ಪೂರ್ತಿ ‘ಓಟಗ್ರಾಫ್’ ಹೊಂದಬೇಕು. ಅಂಥ ಪದ ಇಲ್ಲ. ಆಗ ಕವಿಗಳು ಕೊನೆಯ ‘ಗ್ರಾಫ್’ ಮೇಲಿರುವ ಸಣ್ಣ ಒತ್ತನ್ನೇ ಹಿಡಿದುಕೊಂಡು ಲಾಫ್, ಹಾಫ್ ಜೊತೆ ಕೂಡಿಸಿ ಮುಂದೆ ಹೋಗುತ್ತಾರೆ. ಅಡ್ಡಿ ಇಲ್ಲ, ಎಲ್ಲರೂ ಒಪ್ಪಿಕೊಂಡ ಅಡ್ಡದಾರಿ ಇದು.

ನಾವು ಎಡವುವ ಇನ್ನೊಂದು ಜಾಗ ‘ಇಂಗ್’. ಸಿಂಗಿಂಗ್, ಮೀಟಿಂಗ್ ಎರಡೂ ಇಂಗ್‌ನಲ್ಲಿ ಮುಗಿಯುತ್ತವೆ, ಪ್ರಾಸ ಆಯ್ತಲ್ಲ ಅಂತ ನಮಗೆ ಅನಿಸುತ್ತದೆ. ಆದರೆ ಒತ್ತು ಇಂಗ್ ಮೇಲೆ ಇಲ್ಲ, ಅದಕ್ಕೂ ಹಿಂದೆ ಇದೆ. ಮೀಟಿಂಗ್‌ನ ಬಾಲ ‘ಈಟಿಂಗ್’. ಬೀಟಿಂಗ್, ಹೀಟಿಂಗ್, ಗ್ರೀಟಿಂಗ್ ಬೇಕು. ಹಾಗೇ ಪಾರ್ಟಿ ಮತ್ತು ಬ್ಯೂಟಿ ಪ್ರಾಸ ಅಲ್ಲ, ಡ್ಯೂಟಿ ಮತ್ತು ಬ್ಯೂಟಿ ಪ್ರಾಸ. ಸ್ಟೇಷನ್ ಮತ್ತು ಲೋಷನ್ ಅಲ್ಲ. ಸ್ಟೇಷನ್‌ಗೆ ಡೊನೇಷನ್, ಲೋಷನ್‌ಗೆ ಪ್ರಮೋಷನ್. ಈ ‘ಷನ್’ ಗುಂಪು ಮಾತ್ರ ಹೊಸಬರಿಗೆ ವರ. ಇಂಥ ಪದಗಳಲ್ಲಿ ಒತ್ತು ಯಾವಾಗಲೂ ಷನ್‌ಗೆ ಸ್ವಲ್ಪ ಹಿಂದಿನ ಸ್ವರದ ಮೇಲೇ ಬೀಳುತ್ತದೆ. ನೇಷನ್, ರಿಲೇಷನ್, ಎಜುಕೇಷನ್, ಅಪ್ಲಿಕೇಷನ್, ಸಿಚುಯೇಷನ್: ಪದ ಎಷ್ಟೇ ಉದ್ದ ಇರಲಿ, ಬಾಲ ‘ಏಷನ್’. ಉಳಿದ ಪದಗಳಿಗೆ ಅನುಮಾನ ಬಂದರೆ ನಿಘಂಟು ನೋಡಿ. ಉಚ್ಚಾರಣೆ ಕೊಟ್ಟಿರುವ ಜಾಗದಲ್ಲಿ ಒತ್ತಿನ ತುಂಡಿನ ಹಿಂದೆ ಮೇಲ್ಗಡೆ ಒಂದು ಸಣ್ಣ ಗೆರೆ ಇರುತ್ತದೆ.

ಲಿಪಿಯ ಉಳಿದ ಕೊರತೆಗಳು ಚಿಕ್ಕವು. ರೋಸ್ ಮತ್ತು ಡೋಸ್ ಅಂತ ನಾವು ಬರೆಯುತ್ತೇವೆ. ರೋಸ್‌ನ ಕೊನೆ ನಿಜವಾಗಿ ‘ಜ್’ ಹತ್ತಿರದ ಗುಂಯ್ಗುಡುವ ಸದ್ದು, ಡೋಸ್‌ನದು ಬರೀ ‘ಸ್’. ಹಾಗಾಗಿ ಅವು ಪ್ರಾಸ ಅಲ್ಲ. ಬಾಲ್ ಮತ್ತು ಡಾಲ್ ನಮಗೆ ಒಂದೇ ಥರ ಕಾಣುತ್ತವೆ, ಬ್ರಿಟಿಷರಿಗೆ ಬಾಲ್‌ನ ಸ್ವರ ಉದ್ದ, ಡಾಲ್‌ನದು ಗಿಡ್ಡ. ಊಟದ ವಿಷಯಕ್ಕೆ ಬಂದರೆ, ‘ಗುಡ್ ಫುಡ್’ ಅಂದರೆ ನಮ್ಮ ಬಾಯಲ್ಲಿ ಚೆಂದದ ಪ್ರಾಸ. ಅವರ ಬಾಯಲ್ಲಿ ಅದು ‘ಗುಡ್ ಫೂಡ್’.

ಗುಡ್, ಫೂಡ್, ಬ್ಲಡ್: ಮೂರು ದಾರಿ ಹಿಡಿದ ಒಡಹುಟ್ಟಿದವರು

ಈ ಊಟದ ಪದವನ್ನು ಇನ್ನೂ ಸ್ವಲ್ಪ ಹಿಡಿದುಕೊಳ್ಳೋಣ. ಗುಡ್, ಫೂಡ್, ಬ್ಲಡ್ ಮೂರರ ಕೊನೆಗೂ ಓ-ಓ-ಡಿ. ಯಾಕೆ ಹೀಗೆ ಬರೆಯುತ್ತಾರೆ? ಹಿಂದೊಮ್ಮೆ ಮೂರಕ್ಕೂ ಒಂದೇ ಸ್ವರ ಇತ್ತು, ಉದ್ದನೆಯ ‘ಓ’. ಆಗ ಅವು ನಿಜವಾದ ಪ್ರಾಸಗಳೇ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ಉದ್ದ ಸ್ವರಗಳೆಲ್ಲ ಸ್ಥಾನ ಬದಲಿಸಿದವು. ಉದ್ದ ‘ಓ’ ಹೋಗಿ ‘ಊ’ ಆಯಿತು. ಫೂಡ್ ಅಲ್ಲೇ ನಿಂತಿತು. ಬ್ಲಡ್‌ನ ಸ್ವರ ಬೇಗನೇ ಗಿಡ್ಡವಾಗಿ ಮಡ್, ಬಡ್ ಜೊತೆ ಸೇರಿಕೊಂಡಿತು. ಗುಡ್‌ನ ಸ್ವರ ತಡವಾಗಿ ಗಿಡ್ಡವಾಗಿ ವುಡ್, ಕುಡ್ ಜೊತೆ ಉಳಿಯಿತು. ಬರವಣಿಗೆ ಮಾತ್ರ ಹಳೆಯದೇ.

ಅದಕ್ಕೊಂದು ಕಾರಣ ಅಚ್ಚಿನ ಮನೆ. ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ತೆರೆದದ್ದು 1476ರಲ್ಲಿ. ಮಾತು ಇನ್ನೂ ಕುದಿಯುತ್ತಿರುವಾಗಲೇ ಸ್ಪೆಲಿಂಗ್ ಗಟ್ಟಿಯಾಗತೊಡಗಿತು. ಮೌಸ್ ಆಗ ‘ಮೂಸ್’ ಆಗಿತ್ತು, ನೈಟ್ ಅನ್ನುವ ಯೋಧನ ಪದದಲ್ಲಿ ಮೊದಲ ಕೆ ಅನ್ನೂ ಉಚ್ಚರಿಸುತ್ತಿದ್ದರು. ಇವತ್ತಿನ ಸ್ಪೆಲಿಂಗ್ ಒಂದು ಮಟ್ಟಿಗೆ ಐನೂರು ವರ್ಷದ ಹಿಂದಿನ ಉಚ್ಚಾರಣೆಯ ದಾಖಲೆ. ಅದನ್ನು ನೋಡಿ ಇವತ್ತಿನ ಪ್ರಾಸ ಹುಡುಕಿದರೆ ಸಿಗುವುದು ಹೇಗೆ? ಓ-ಯು-ಜಿ-ಎಚ್ ಅನ್ನುವ ನಾಲ್ಕು ಅಕ್ಷರಗಳಂತೂ ಕುಖ್ಯಾತ. ದೋ, ಥ್ರೂ, ಟಫ್, ಕಾಫ್, ಬೌ ಅಂತ ಐದು ಪದದಲ್ಲಿ ಐದು ಸದ್ದು. ಕೋಮ್, ಟೂಮ್, ಬಾಮ್ (ಬಾಚಣಿಗೆ, ಗೋರಿ, ಬಾಂಬು) ಇನ್ನೊಂದು ತ್ರಿವಳಿ. ಒಂದಕ್ಕೆ ಹೋಮ್ ಜೋಡಿ, ಇನ್ನೊಂದಕ್ಕೆ ರೂಮ್, ಮತ್ತೊಂದಕ್ಕೆ ಟಾಮ್.

ಹಳೆಯ ಕವಿತೆ ಓದುವಾಗ ಇದು ತಿರುಗಿ ಬೀಳುತ್ತದೆ. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ಸಾನೆಟ್‌ಗಳಲ್ಲಿ, ಅಂದರೆ ಹದಿನಾಲ್ಕು ಸಾಲಿನ ಕವಿತೆಗಳಲ್ಲಿ, ಲವ್‌ಗೆ ಪ್ರೂವ್ ಪ್ರಾಸವಾಗಿ ಬರುತ್ತದೆ. ಈಗ ಕೇಳಿದರೆ ಕಣ್ಣಿಗೆ ಮಾತ್ರ ಪ್ರಾಸ. ಆ ಕಾಲದಲ್ಲಿ ಅವೆರಡರ ಸ್ವರ ಈಗಿನಷ್ಟು ದೂರ ಇರಲಿಲ್ಲ. ಡೇವಿಡ್ ಕ್ರಿಸ್ಟಲ್ ಎಂಬ ಭಾಷಾವಿಜ್ಞಾನಿಯ ನೆರವಿನಿಂದ ಲಂಡನ್ನಿನ ಗ್ಲೋಬ್ ರಂಗಮಂದಿರದವರು 2004ರಲ್ಲಿ ಒಂದು ಶೇಕ್ಸ್‌ಪಿಯರ್ ನಾಟಕವನ್ನು ಹಳೆಯ ಉಚ್ಚಾರಣೆಯಲ್ಲೇ ಆಡಿದರು. ಆ ಉಚ್ಚಾರಣೆಯನ್ನು ಮತ್ತೆ ಕಟ್ಟಲು ಸಿಕ್ಕ ಸಾಕ್ಷಿಗಳಲ್ಲಿ ಪ್ರಾಸಗಳೇ ದೊಡ್ಡವು. 18ನೇ ಶತಮಾನದ ಆರಂಭದಲ್ಲಿ ಅಲೆಕ್ಸಾಂಡರ್ ಪೋಪ್ ಕುಡಿಯುವ ಟೀಯನ್ನು ‘ಒಬೇ’ ಜೊತೆ ಪ್ರಾಸ ಮಾಡಿದ್ದಾನೆ. ಆಗ ಅದು ‘ಟೇ’ ಆಗಿತ್ತು ಅಂತ ನಮಗೆ ಗೊತ್ತಾಗುವುದು ಹೀಗೆ.

ಕಾಲ ಬದಲಾದಂತೆ ಊರು ಬದಲಾದರೂ ಪ್ರಾಸ ಕೆಡುತ್ತದೆ. ಬ್ರಿಟಿಷರ ಕ್ಲಾರ್ಕ್ ಪಾರ್ಕ್ ಜೊತೆ ಹೋದರೆ, ಅಮೆರಿಕದ ಕ್ಲರ್ಕ್ ವರ್ಕ್ ಜೊತೆ ಹೋಗುತ್ತಾನೆ. ಲಂಡನ್ ಕಡೆಯವರು ಪದದ ಕೊನೆಯಲ್ಲೂ ವ್ಯಂಜನಕ್ಕೆ ಮುಂಚೆಯೂ ಬರುವ ಆರ್ ನುಂಗುವುದರಿಂದ ಅವರಿಗೆ ಕೋರ್ಟ್ ಮತ್ತು ಕಾಟ್ ಅನ್ನುವ ‘ಹಿಡಿದ’ ಎಂಬ ಪದ ಎರಡೂ ಒಂದೇ ಸದ್ದು. 19ನೇ ಶತಮಾನದ ವಿಮರ್ಶಕರು ಹೀಗೆ ಆರ್ ಬಿಟ್ಟು ಕೂಡಿಸಿದ್ದನ್ನು ‘ಕಾಕ್ನಿ ಪ್ರಾಸ’ (ಕಾಕ್ನಿ ಅಂದರೆ ಲಂಡನ್ನಿನ ಸಾಮಾನ್ಯ ಜನರ ಆಡುಮಾತು) ಅಂತ ಗೇಲಿ ಮಾಡುತ್ತಿದ್ದರು. ನಮ್ಮ ಮಕ್ಕಳು ಹಾಡುವ ಎಬಿಸಿಡಿ ಹಾಡಿನಲ್ಲೂ ಇದರ ಗಾಯ ಇದೆ. ಅದರ ಸಾಲುಗಳು ಜೀ, ಪೀ, ವೀ ಅಂತ ಮುಗಿಯುತ್ತಾ ಬಂದು ಕೊನೆಗೆ ‘ಮೀ’ ಅನ್ನುತ್ತವೆ. ನಡುವೆ ‘ಝೀ’ ಬಂದರೆ ಪೂರ್ತಿ ಪ್ರಾಸ. ಹಾಡು ಅಮೆರಿಕದ್ದು, ನಾವು ಕಲಿತ ಅಕ್ಷರ ಬ್ರಿಟಿಷರದ್ದು. ಹಾಗಾಗಿ ಇಲ್ಲಿ ‘ಝೆಡ್’ ಅಂದಾಗ ಒಂದು ಸಾಲು ಮುರಿಯುತ್ತದೆ. ಮಕ್ಕಳಿಗೇನೂ ಬೇಜಾರಿಲ್ಲ ಬಿಡಿ.

ನಮ್ಮ ಪ್ರಾಸ ಸಾಲಿನ ಆ ತುದಿಯಲ್ಲಿ

ಕನ್ನಡಿಗರಿಗೆ ಸಿಂಗಿಂಗ್-ಮೀಟಿಂಗ್ ಪ್ರಾಸ ಅನಿಸುವುದಕ್ಕೆ ಕಾರಣ ನಮ್ಮ ಕ್ರಿಯಾಪದಗಳು ಅಂತ ನನ್ನ ಅನಿಸಿಕೆ. ಬರುತ್ತೇನೆ, ಹೋಗುತ್ತೇನೆ, ತಿನ್ನುತ್ತೇನೆ. ಸುಮ್ನೆ ಮಾತಾಡಿದರೂ ಸಾಲಿನ ಕೊನೆ ಹೊಂದಿಕೊಳ್ಳುತ್ತದೆ. ಬಿಟ್ಟಿ ಸಿಗುವ ವಸ್ತುವಿನಲ್ಲಿ ಜಾಣ್ಮೆ ತೋರಿಸುವುದಕ್ಕೆ ಏನಿದೆ? ಹಳಗನ್ನಡದ ಕವಿಗಳು ಕಡ್ಡಾಯ ಮಾಡಿಕೊಂಡ ಪ್ರಾಸ ಸಾಲಿನ ಮೊದಲಲ್ಲಿದೆ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ನಾಗವರ್ಮನ ಛಂದೋಂಬುಧಿಯಲ್ಲಿ ಇದಕ್ಕೆ ಆರು ಬಗೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಕಾಡಿನ, ನೋಡಿದ, ಬೇಡುವ ಅಂತ ಸಾಲುಗಳು ಶುರುವಾದರೆ ಎಲ್ಲದರಲ್ಲೂ ಎರಡನೆಯದು ಡಕಾರ, ಅದರ ಹಿಂದೆ ದೀರ್ಘ. ಇದು ಗಜಪ್ರಾಸ.

ಈ ಎರಡು ಪದ್ಧತಿಯನ್ನು ಪಕ್ಕಪಕ್ಕ ಇಟ್ಟರೆ ತಮಾಷೆಯಾಗಿದೆ. ನಮ್ಮಲ್ಲಿ ವ್ಯಂಜನ ಒಂದೇ ಇರಬೇಕು, ಅದರ ಮೇಲಿನ ಸ್ವರ ಹೇಗೆ ಬೇಕಾದರೂ ಬದಲಾಗಬಹುದು. ಅವರಲ್ಲಿ ಸ್ವರ ಒಂದೇ ಇರಬೇಕು, ಅದರ ಹಿಂದಿನ ವ್ಯಂಜನ ಬದಲಾಗಲೇಬೇಕು. ಆದಿಪ್ರಾಸಕ್ಕೆ ಪಳಗಿದ ಕಿವಿ ಇಂಗ್ಲಿಷ್ ಪ್ರಾಸದಲ್ಲಿ ತಡವರಿಸಿದರೆ ಆಶ್ಚರ್ಯ ಇಲ್ಲ.

ಇಂಗ್ಲಿಷಿಗೂ ಅಂತ್ಯಪ್ರಾಸ ಹುಟ್ಟಿನಿಂದ ಬಂದದ್ದಲ್ಲ. 1066ರಲ್ಲಿ ನಾರ್ಮನ್ನರು ಬರುವ ಮುಂಚಿನ ಹಳೆಯ ಇಂಗ್ಲಿಷ್ ಕಾವ್ಯ ನಡೆಯುತ್ತಿದ್ದದ್ದು ಪದಗಳ ಮೊದಲ ವ್ಯಂಜನ ಹೊಂದಿಸಿಕೊಂಡು. ಸಾಲಿನ ಕೊನೆಯ ಪ್ರಾಸ ಬೇರೂರಿದ್ದು ಫ್ರೆಂಚ್ ಪ್ರಭಾವದಿಂದ. ಆಮೇಲೆ ಇಟಲಿಯಿಂದ ಸಾನೆಟ್ ಬಂತು. ಇಟಾಲಿಯನ್ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ಅಲ್ಲಿ ಪ್ರಾಸಕ್ಕೆ ಬರ ಇಲ್ಲ. ಪೆಟ್ರಾರ್ಕನ ಸಾನೆಟ್‌ನಲ್ಲಿ ಮೊದಲ ಎಂಟು ಸಾಲಿಗೆ ಎರಡೇ ಪ್ರಾಸ. ಇಂಗ್ಲಿಷಿನಲ್ಲಿ ಒಂದೇ ಬಾಲಕ್ಕೆ ನಾಲ್ಕು ಒಳ್ಳೆಯ ಪದ ಹುಡುಕಿ ಅರ್ಥವನ್ನೂ ಉಳಿಸಿಕೊಳ್ಳುವುದು ಕಷ್ಟ. ಶೇಕ್ಸ್‌ಪಿಯರನ ಮಾದರಿಯಲ್ಲಿ ಹದಿನಾಲ್ಕು ಸಾಲಿಗೆ ಏಳು ಪ್ರಾಸ, ಪ್ರತಿಯೊಂದಕ್ಕೂ ಎರಡೇ ಪದ ಸಾಕು.

ಒಂಟಿ ಪದಗಳು

ಬರ ಎಷ್ಟಿದೆ ಅಂತ ನೋಡಬೇಕಾದರೆ ಲವ್ ಒಂದೇ ಸಾಕು. ಡವ್, ಗ್ಲವ್, ಶವ್, ಅಬವ್. ಹೆಚ್ಚು ಕಡಿಮೆ ಅಷ್ಟೇ. ಇಂಗ್ಲಿಷ್ ಪ್ರೇಮಗೀತೆಗಳಲ್ಲಿ ಪದೇ ಪದೇ ಪಾರಿವಾಳ ಹಾರುವುದಕ್ಕೂ, ಮೇಲಿನ ಆಕಾಶ ಬರುವುದಕ್ಕೂ ಇದೇ ಕಾರಣ. ನಮ್ಮ ಹಾಡು ಬರೆಯುವವರು ಪ್ರೀತಿಗೆ ರೀತಿ, ನೀತಿ, ಭೀತಿ ಇಟ್ಟುಕೊಂಡು ಆರಾಮವಾಗಿದ್ದಾರೆ.

ಆರೆಂಜ್, ಮಂತ್, ಸಿಲ್ವರ್, ಪರ್ಪಲ್ ಪದಗಳಿಗೆ ಪ್ರಾಸವೇ ಇಲ್ಲ ಅನ್ನುವ ಮಾತು ಪ್ರಸಿದ್ಧ. ಪೂರ್ತಿ ನಿಜ ಅಲ್ಲ. ಸಿಲ್ವರ್‌ಗೆ ಚಿಲ್ವರ್ ಇದೆ, ಹೆಣ್ಣು ಕುರಿಮರಿ ಅಂತ ಅರ್ಥ. ಪರ್ಪಲ್‌ಗೆ ಹರ್ಪಲ್, ಕುಂಟುತ್ತಾ ನಡೆಯುವುದು. ಆರೆಂಜ್‌ಗೆ ವೇಲ್ಸ್‌ನಲ್ಲಿರುವ ಬ್ಲಾರೆಂಜ್ ಅನ್ನುವ ಬೆಟ್ಟ ಇದೆ. ಕಿತ್ತಳೆ ಹಣ್ಣಿನ ಬಗ್ಗೆ ಬರೆಯುವವನು ಆ ಬೆಟ್ಟ ಯಾಕೆ ಹತ್ತಬೇಕು ಅನ್ನುವುದು ಬೇರೆ ಪ್ರಶ್ನೆ. ಆರೆಂಜ್ ಯಾಕೆ ಒಂಟಿ ಅಂದರೆ, ಒತ್ತು ಅದರ ಮೊದಲ ಸ್ವರದ ಮೇಲೇ ಇದೆ. ಇಡೀ ಪದವೇ ಬಾಲ. ಬಾಲ ಉದ್ದ ಆದಷ್ಟೂ ಜೋಡಿ ಸಿಗುವುದು ಕಷ್ಟ.

ಅಮೆರಿಕದ ರ‍್ಯಾಪ್ ಗಾಯಕ ಎಮಿನೆಮ್ 2010ರ ಒಂದು ಟಿವಿ ಸಂದರ್ಶನದಲ್ಲಿ ಈ ಮಾತನ್ನು ಒಪ್ಪಲಿಲ್ಲ. ಪದವನ್ನು ಸ್ವಲ್ಪ ಬಗ್ಗಿಸಿ ‘ಓರಿಂಜ್’ ಅಂದರೆ ಆಯಿತು, ಫೋರ್-ಇಂಚ್, ಡೋರ್ ಹಿಂಜ್, ಸ್ಟೋರೇಜ್, ಪಾರಿಜ್ ಎಲ್ಲ ಸಾಲುಗಟ್ಟಿ ಬರುತ್ತವೆ ಅಂತ ಅಲ್ಲೇ ಮಾಡಿ ತೋರಿಸಿದ. ಇದರಲ್ಲಿ ಎರಡು ತಂತ್ರ ಇದೆ. ಒಂದು, ಎರಡು ಪದ ಸೇರಿಸಿ ಒಂದು ಪದಕ್ಕೆ ಜೋಡಿ ಮಾಡುವುದು. ಇದು ಹಳೆಯದೇ. 1819ರಲ್ಲಿ ಬೈರನ್ ಇಂಟೆಲೆಕ್ಚುಅಲ್‌ಗೆ ‘ಹೆನ್‌ಪೆಕ್ಡ್ ಯು ಆಲ್’ ಅಂತ ನಾಲ್ಕು ತುಂಡು ಕೂಡಿಸಿ ಓದುಗರನ್ನು ನಗಿಸಿದ್ದ. ಇನ್ನೊಂದು, ಸ್ವರ ಹೊಂದಿದರೆ ಸಾಕು, ವ್ಯಂಜನ ಹತ್ತಿರ ಇದ್ದರೆ ಸಾಕು ಅನ್ನುವುದು. ‘ಇಂಜ್’ ಬದಲು ‘ಇಂಚ್’ ನಡೆಯುತ್ತದೆ.

ಹತ್ತಿರದ ವ್ಯಂಜನ ಯಾವುದು ಅಂತ ಇಂಗ್ಲಿಷಿನವರು ಕಷ್ಟಪಟ್ಟು ಪಟ್ಟಿ ಮಾಡಬೇಕು. ನಮಗೆ ಅದು ಒಂದನೇ ಕ್ಲಾಸಿನಲ್ಲೇ ಸಿಕ್ಕಿದೆ. ವರ್ಣಮಾಲೆಯ ಅಡ್ಡಸಾಲು ನೋಡಿ: ಚ ಪಕ್ಕ ಜ, ಕ ಪಕ್ಕ ಗ, ಪ ಪಕ್ಕ ಬ. ಬಾಯಿಯ ಒಂದೇ ಜಾಗದಲ್ಲಿ ಹುಟ್ಟುವ ಸದ್ದುಗಳು ಇವು. ಕ್ಯಾಪ್-ಕ್ಯಾಬ್, ಬ್ಯಾಕ್-ಬ್ಯಾಗ್ ಪೂರ್ತಿ ಪ್ರಾಸ ಅಲ್ಲ, ಆದರೆ ಹಾಡಿನಲ್ಲಿ ನಡೆದುಹೋಗುತ್ತವೆ. ಕೊನೆಯ ಕಂಬಸಾಲಿನ ಅನುನಾಸಿಕಗಳೂ ಹಾಗೇ. ಟೈಮ್-ಫೈನ್ ಜೋಡಿಯನ್ನು ಪಾಪ್ ಹಾಡುಗಳಲ್ಲಿ ಯಾರೂ ತಪ್ಪು ಅನ್ನುವುದಿಲ್ಲ. ಒಂದನೇ ಮಹಾಯುದ್ಧದಲ್ಲಿ ಸತ್ತ ಕವಿ ವಿಲ್ಫ್ರೆಡ್ ಓವೆನ್ ಇದಕ್ಕೂ ತಿರುಗಿ ಹೋಗಿ, ವ್ಯಂಜನಗಳನ್ನು ಉಳಿಸಿಕೊಂಡು ಸ್ವರವನ್ನೇ ಬದಲಿಸಿದ: ಹಾಲ್-ಹೆಲ್, ಎಸ್ಕೇಪ್ಡ್-ಸ್ಕೂಪ್ಡ್. ಇಂಗ್ಲಿಷ್ ಕಿವಿಗೆ ಏನೋ ಅಪಶ್ರುತಿ ಕೇಳಿದ ಹಾಗಾಗುತ್ತದೆ, ಯುದ್ಧದ ಕವಿತೆಗೆ ಅದೇ ಬೇಕಿತ್ತು. ವ್ಯಂಜನ ಹಿಡಿದು ಸ್ವರ ಬಿಡುವುದು ನಮ್ಮ ಆದಿಪ್ರಾಸದ ದಾರಿಗೇ ಹತ್ತಿರ.

ಯಂತ್ರ ಹುಡುಕುವ ಬಗೆ

ಫೋನಿನಲ್ಲಿ ಒಂದು ಪದ ಹಾಕಿದರೆ ನೂರು ಪ್ರಾಸ ಉದುರಿಸುವ ಜಾಲತಾಣಗಳು ಇವೆ. ಅವುಗಳ ಹಿಂದೆ ದೊಡ್ಡ ಬುದ್ಧಿವಂತಿಕೆ ಏನೂ ಬೇಕಿಲ್ಲ, ಒಂದು ಒಳ್ಳೆಯ ಉಚ್ಚಾರಣೆಯ ಪಟ್ಟಿ ಇದ್ದರೆ ಸಾಕು. ಅಂಥದ್ದರಲ್ಲಿ ಹೆಸರಾದದ್ದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ನಿಘಂಟು. 1,34,000ಕ್ಕೂ ಹೆಚ್ಚು ಪದ, ಎಲ್ಲವನ್ನೂ 39 ಸದ್ದುಗಳಲ್ಲಿ ಬಿಡಿಸಿ ಬರೆದಿದ್ದಾರೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಪ್ರತಿ ಸ್ವರದ ಪಕ್ಕ ಒಂದು ಅಂಕಿ ಇರುತ್ತದೆ. ಮುಖ್ಯ ಒತ್ತಿಗೆ 1, ಸಣ್ಣ ಒತ್ತಿಗೆ 2, ಒತ್ತೇ ಇಲ್ಲದಿದ್ದರೆ 0. ಕಂಪ್ಯೂಟರ್ ಮಾಡುವುದು ಇಷ್ಟೇ: ಪದದ ಕೊನೆಯಿಂದ ಹಿಂದಕ್ಕೆ ಬಂದು 1 ಸಿಕ್ಕಿದ ಕಡೆ ಕತ್ತರಿಸುತ್ತದೆ, ಅದೇ ಬಾಲ ಇರುವ ಪದಗಳನ್ನೆಲ್ಲ ಒಂದು ಗುಂಪಿಗೆ ಹಾಕುತ್ತದೆ. ಪೊಲೀಸ್ ಒಂದು ಗುಂಪಿಗೆ ಹೋಗುತ್ತದೆ, ಆಫೀಸ್ ಇನ್ನೊಂದಕ್ಕೆ. ಅದಕ್ಕೆ ಗೊಂದಲವೇ ಇಲ್ಲ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ, 1775ರಲ್ಲಿ, ಜಾನ್ ವಾಕರ್ ಎಂಬ ಮಾಜಿ ನಟ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಿ ಒಂದು ನಿಘಂಟು ಮಾಡಿದ. ಭಾರೀ ಶ್ರಮ. ಆದರೆ ಜೋಡಿಸಿದ್ದು ಸ್ಪೆಲಿಂಗ್ ಪ್ರಕಾರ, ಹಾಗಾಗಿ ಬೇರ್ ಮತ್ತು ಡಿಯರ್ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಈಗಿನ ಜಾಲತಾಣಗಳಿಗೆ ಆ ತೊಂದರೆ ಇಲ್ಲ. ಅವು ಹೆಚ್ಚಾಗಿ ಅಮೆರಿಕದ ಉಚ್ಚಾರಣೆಯ ಮೇಲೆ ನಿಂತಿವೆ ಅನ್ನುವುದನ್ನು ಮಾತ್ರ ಮರೆಯಬಾರದು. ಅವು ಕ್ಲರ್ಕ್‌ಗೆ ಪಾರ್ಕ್ ತೋರಿಸುವುದಿಲ್ಲ.

ನಮ್ಮ ಸಿನಿಮಾ ಹಾಡು ಬರೆಯುವವರಿಗೆ ಇದೆಲ್ಲ ತಲೆನೋವು ಬೇಕಾಗಿಲ್ಲ. ಇಂಗ್ಲಿಷ್ ಪದ ಕನ್ನಡಕ್ಕೆ ಬರುವಾಗ ಕೊನೆಗೆ ಒಂದು ‘ಉ’ ಅಂಟಿಸಿಕೊಳ್ಳುತ್ತದೆ. ಅಲ್ಲಿಗೆ ಅದರ ಹಳೆಯ ಒತ್ತೂ ಹೋಯಿತು, ಹಳೆಯ ಜೋಡಿಯೂ ಹೋಯಿತು. ಬಸ್ಸಿಗೆ ಇಂಗ್ಲಿಷಿನಲ್ಲಿ ಪ್ಲಸ್, ಫಸ್ ಸಿಗಬಹುದು, ‘ಬಸ್ಸು’ ಆದ ಮೇಲೆ ಅದಕ್ಕೆ ಮನಸ್ಸು, ತಪಸ್ಸು, ವಯಸ್ಸು ಸಿಗುತ್ತವೆ. ಕಾರು ಬಂದು ಯಾರು ಪಕ್ಕ ನಿಲ್ಲುತ್ತದೆ, ಫೋನು ನೀನು ಪಕ್ಕ.